ಮಾಳಿಗೆಯ ಕೋಣೆಗೆ ಎಳೆದ ತಂತಿ

ಜೂನ್ 14

ಇವತ್ತಿನಿಂದ ನಾನು ಸಾತಾರಾದ ಈ ಮನೆಯ ಮಾಳಿಗೆಯಲ್ಲಿ ಕೈದಿ. ಗುಜರ್ ಮೇಡಂ ಗರ್ಭಕೋಶದ ಬಾಯಿಗೆ ಹೊಲಿಗೆ ಹಾಕಿ ಶಿಕ್ಷೆ ಓದಿ ಹೇಳಿದರು: ಹೆರಿಗೆ ಹತ್ತಿರ ಬರುವ ತನಕ ಮಂಚ ಬಿಟ್ಟು ಇಳಿಯುವಂತಿಲ್ಲ, ಬಚ್ಚಲಿಗೆ ಮಾತ್ರ ರಿಯಾಯಿತಿ. ಹೀಗೆ ಮಲಗಿಸುವುದರಿಂದ ಉಪಯೋಗವಿದೆ ಎನ್ನಲು ಗಟ್ಟಿ ಪುರಾವೆ ಇಲ್ಲವಲ್ಲ ಎಂದು ವಾದಕ್ಕಿಳಿದೆ.

"ನೀ ಎಕ್ಸ್‌ರೇ ಓದೋ ಡಾಕ್ಟ್ರು, ನಾ ಹೆರಿಗಿ ಮಾಡಿಸೋ ಡಾಕ್ಟ್ರು. ಹೋದ ವರ್ಷ ಏನಾತು ನೆನಪೈತಿಲ್ಲೋ?" ಎಂದರು.

ನೆನಪಿದೆ. ಹೋದ ವರ್ಷದ ಮಗು ಹೊಟ್ಟೆಯಲ್ಲಿ ಉಳಿಯಲಿಲ್ಲ.

ಪುಣೆಯ ನಮ್ಮ ಫ್ಲ್ಯಾಟಿಗೆ ಲಿಫ್ಟಿಲ್ಲ. ನನಗೆ ತಾಯಿಯಿಲ್ಲ. ಓಂಕಾರ ಯಾವುದೋ ಸಮುದ್ರದಲ್ಲಿ ಹಡಗಿನ ಇಂಜಿನ್ನಿಗೆ ಎಣ್ಣೆ ಹಾಕುತ್ತಿದ್ದಾನೆ. ಹೀಗಾಗಿ ಉಳಿದದ್ದು ಅವನ ತಾಯಿ ಮಂದಾಕಿನಿಬಾಯಿ, ಮತ್ತು ಅವರ ಈ ಕಲ್ಲಿನ ಮನೆ. ಮದುವೆಯಾದ ಮೂರು ವರ್ಷದಲ್ಲಿ ನಾನೂ ಅವನ ತಾಯಿಯೂ ಹಬ್ಬಕ್ಕೆ ಬಿಟ್ಟರೆ ಒಟ್ಟಿಗೆ ಇದ್ದದ್ದೇ ಇಲ್ಲ. ಮಧ್ಯಾಹ್ನ ಅವರು ವರಣ-ಭಾತ್, ಅಂದರೆ ಬೇಳೆ-ಅನ್ನ, ತಂದರು. ಹೊಸ್ತಿಲು ದಾಟಿ ಎರಡು ಹೆಜ್ಜೆ ಇಟ್ಟು, ಸ್ಟೂಲಿನ ಮೇಲೆ ತಟ್ಟೆ ಕುಕ್ಕಿ, ನನ್ನ ಮುಖ ನೋಡದೆ ಇಳಿದುಹೋದರು. ಕೋಣೆಯಲ್ಲಿ ಹುಲಿ ಕಟ್ಟಿಹಾಕಿದ್ದಾರೋ ಎನ್ನುವ ಹಾಗೆ.

ಬಚ್ಚಲಿನ ಗೋಡೆಗೆ ಹಿಡಿದುಕೊಳ್ಳಲು ಸ್ಟೀಲಿನ ಸರಳು ಹಾಕಿಸಿದ್ದಾರೆ. ಅಷ್ಟು ಮುಂದಾಲೋಚನೆ ಇದೆ ಎಂದಾಯಿತು.

ಜೂನ್ 17

ಪುಣೆಯ ಆಸ್ಪತ್ರೆಯಿಂದ ನಮ್ಮ ವಿಭಾಗದ ಮುಖ್ಯಸ್ಥರ ಫೋನು. ಮನೆಯಿಂದಲೇ ಸ್ಕ್ಯಾನು ಓದಿ ವರದಿ ಕೊಡಬಹುದು, ಅವರ ಅಭ್ಯಂತರವಿಲ್ಲ. "ಆದ್ರ ಸಂಪರ್ಕ ಕಡೀಬಾರ್ದು ಕೇತಕಿ. ತಲಿ ಒಡಕೊಂಡು ಬಂದಾವನ ಸ್ಕ್ಯಾನ್ ನಿನ್ನ ಪರದೆ ಮ್ಯಾಲ ಗಿರಗಿರ ತಿರುಗ್ತಾ ಕುಂತ್ರ ಅವ ಬದುಕ್ಬೇಕೋ ಬ್ಯಾಡೋ?" ಜುಲೈ ಮೊದಲ ವಾರದಲ್ಲಿ ಪರೀಕ್ಷೆ ಮಾಡಿ ನೋಡುತ್ತಾರೆ. ಆಗದಿದ್ದರೆ ನನ್ನ ಜಾಗಕ್ಕೆ ಬೇರೆಯವರು.

ಇಲ್ಲಿ ವೈಫೈ ಇದೆ, ಕೆಳಗೆ. ನಡುಮನೆಯಲ್ಲಿ ದೇವರ ಗೂಡಿನ ಪಕ್ಕದಲ್ಲಿ ರೌಟರ್ ಕೂತಿದೆ, ಅದಕ್ಕೂ ದಿನಾ ಊದಿನಕಡ್ಡಿ ಸಿಗುತ್ತದಂತೆ. ಆದರೆ ಮೊಳಗಟ್ಟಲೆ ದಪ್ಪದ ಕಲ್ಲುಗೋಡೆ. ಮೇಲೆ ಬರುವುದು ಬರೀ ಅದರ ಹೆಸರು. ಫೋನಿನ ಸಿಗ್ನಲ್ಲು ಕಿಟಕಿಯ ಸರಳಿಗೆ ಕೈಚಾಚಿ ಹಿಡಿದರೆ ಸಿಗುತ್ತದೆ, ಮಳೆ ಬಂದರೆ ಅದೂ ಇಲ್ಲ.

ರೌಟರನ್ನೇ ಮೇಲೆ ತರಬಹುದೇ ಎಂದು ಓಂಕಾರನ ತಾಯಿಯನ್ನು ಕೇಳಿದೆ. "ಅದು ಮ್ಯಾಲ ಬಂದ್ರ ನಾ ಕೆಳಗ ಓಂಕಾರನ ಮಾರಿ ಹ್ಯಾಂಗ ನೋಡ್ಲಿ?" ಎಂದರು. ವಾರಕ್ಕೊಮ್ಮೆ ಹಡಗಿನಿಂದ ಮಗ ಮುಖ ತೋರಿಸುವುದು ನಡುಮನೆಯ ಆ ಮೂಲೆಯಲ್ಲೇ. ಮಾತು ಅಲ್ಲಿಗೆ ಮುಗಿಯಿತು.

ಜೂನ್ 21

ಇಂಟರ್ನೆಟ್ಟಿನವನು ಬಂದು ಮೆಟ್ಟಿಲ ಮೇಲೆಯೇ ನಿಂತು ಹೇಳಿದ: "ಮೇಡಂ, ನಮ್ಮ ಕೆಲಸ ಡಬ್ಬಿ ತನಕ. ಒಳಗಿಂದೆಲ್ಲಾ ನಿಮ್ಮದು." ಸಿಗ್ನಲ್ಲು ಹಿಗ್ಗಿಸುವ ಒಂದು ಗೂಟವನ್ನು ಪ್ಲಗ್ಗಿಗೆ ಸಿಕ್ಕಿಸಿ ಹೋದ. ಅದು ಸಂಜೆಯವರೆಗೆ ಹತ್ತು ಸಲ ಸತ್ತು ಹತ್ತು ಸಲ ಹುಟ್ಟಿತು. ಎಲೆಕ್ಟ್ರಿಷಿಯನ್ನು ಗಣಪತಿ ಹಬ್ಬ ಮುಗಿದ ಮೇಲೆ ಬರುತ್ತಾನಂತೆ. ಅಷ್ಟರಲ್ಲಿ ನನ್ನ ಕೆಲಸ ಹೋಗಿರುತ್ತದೆ.

ಚಾವಣಿಯ ತೊಲೆಗಳಲ್ಲಿ ಎಷ್ಟು ಗಂಟಿವೆ ಎಂಬುದು ಈಗ ನನಗೆ ಬಾಯಿಪಾಠ. ಹೆರಿಗೆಯಾದ ಮರುದಿನವೇ ಪುಣೆಗೆ ಹೋಗುತ್ತೇನೆ. ನೆಲಮಹಡಿಯ ಮನೆ ಹುಡುಕು ಎಂದು ಓಂಕಾರನಿಗೆ ಬರೆದಿದ್ದೇನೆ.

ಜೂನ್ 23

ತಂತಿಯನ್ನೇ ಎಳೆಯಬೇಕು. ಬೇರೆ ದಾರಿಯಿಲ್ಲ. ಕೆಳಗಿನ ರೌಟರಿನಿಂದ ಮೆಟ್ಟಿಲ ಕಟಕಟೆಯ ಗುಂಟ ಮೇಲೆ ತಂದು ನೇರ ನನ್ನ ಲ್ಯಾಪ್‌ಟಾಪಿಗೆ. ಕ್ಯಾಟ್ ಸಿಕ್ಸ್ ದರ್ಜೆಯ ತಂತಿ ಸಾಕು. ಅದರ ಮೇಲಿನ ನಂಬರಿನವು ದಪ್ಪ, ಬಗ್ಗುವುದಿಲ್ಲ, ನಮ್ಮ ರೌಟರಿಗೆ ಅವುಗಳಿಂದ ಏನೂ ಹೆಚ್ಚಿಗೆ ಬರುವುದಿಲ್ಲ. ತಾಮ್ರ ಮಾತ್ರ ಅಪ್ಪಟವಿರಬೇಕು, ಕರೆಂಟಿನ ತಂತಿಯ ಪಕ್ಕ ಹಾಯಬಾರದು. ಎರಡು ದಿನ ಕಿಟಕಿಗೆ ಕೈ ಚಾಚಿಕೊಂಡು ಇದನ್ನೆಲ್ಲ ಓದಿದೆ. ಹೊತ್ತು ಹೋಯಿತು, ಅದೇ ದೊಡ್ಡದು.

"ಬಸುರಿ ಮಲಗಬೇಕಂದ್ರ ಮಲಗಬೇಕು. ತಂತಿ-ಗಿಂತಿ ಯಾಕ?" ಓಂಕಾರನ ತಾಯಿ ಹೊಸ್ತಿಲಲ್ಲಿ ನಿಂತು ಕೇಳಿದರು.

"ಮಲಗಿಕೊಂಡೇ ಓದ್ತೀನಿ ಆಯಿ. ಕಣ್ಣಿಗೆ ಹೊಲಿಗಿ ಹಾಕಿಲ್ಲ."

"ಕೈಕಾಲು ಕಟ್ಟಿಹಾಕಿದ್ರೂ ಬಾಯಿ ಒಂದು ಸುಮ್ನಿರೂದಿಲ್ಲ ನೋಡು ನಿಂದು."

ತಟ್ಟೆ ತೆಗೆದುಕೊಂಡು ಹೋದರು. ಸ್ವಲ್ಪ ಹೊತ್ತಿಗೆ ಕೆಳಗಿನಿಂದ ಕೂಗು: "ಎಷ್ಟು ಉದ್ದ ಬೇಕು ಹೇಳು, ಪ್ಯಾಟಿಗೆ ಹೊಂಟೀನಿ!"

ಜೂನ್ 24

ಅಳೆಯುವ ಟೇಪಿಲ್ಲ. ತಮ್ಮ ಹಳೆಯ ಒಂಬತ್ತು ಗಜದ ಸೀರೆಯನ್ನು ಮೆಟ್ಟಿಲಿನುದ್ದಕ್ಕೂ ಹಾಸಿಕೊಂಡು ಅಳೆದರು. ಎರಡು ಸೀರೆ, ಮೇಲೆ ಒಂದು ಸೆರಗು. ನನಗೆ ನಗು ತಡೆಯಲಾಗಲಿಲ್ಲ. "ನಗಬ್ಯಾಡ, ಹೊಲಿಗಿ ಬಿಚ್ಚೀತು" ಎಂದು ಗದರಿದರು.

ಗೋಡೆ ಕೊರೆಯುವುದು ಹೇಗೆ ಎಂಬ ಚಿಂತೆಯಿತ್ತು. ಅವರೇ ಬಾಗಿಲ ಚೌಕಟ್ಟಿನ ಮೇಲಕ್ಕೆ ಕೈ ತೋರಿಸಿದರು. ಅಲ್ಲಿ ಬಟ್ಟೆ ತುರುಕಿದ ಒಂದು ಸಣ್ಣ ತೂತು. ಇಷ್ಟು ದಿನ ನೋಡುತ್ತಿದ್ದರೂ ಯಾಕಿದೆ ಎಂದು ಕೇಳಿರಲಿಲ್ಲ.

"ಟೀವಿ ತಂತೀದು. ಅವ್ರಿಗೆ ಕ್ರಿಕೆಟ್ ಬೇಕಾಗಿತ್ತು."

"ಯಾರಿಗೆ?"

"ಓಂಕಾರನ ಅಪ್ಪಗ. ಇದ ಮಂಚದ ಮ್ಯಾಲ ಒಂಬತ್ತು ವರ್ಷ." ಸೀರೆ ಮಡಚುತ್ತ ಇಳಿದುಹೋದರು.

ಮಾವನವರಿಗೆ ಲಕ್ವ ಹೊಡೆದಿತ್ತು ಎಂದು ಗೊತ್ತಿತ್ತು. ನಮ್ಮ ಮದುವೆಗೆ ಮೊದಲೇ ತೀರಿಕೊಂಡಿದ್ದರು. ಯಾವ ಕೋಣೆ ಎಂದು ಓಂಕಾರ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಬಚ್ಚಲಿನ ಸರಳು ನನಗಾಗಿ ಹಾಕಿಸಿದ್ದಲ್ಲ.

ಜೂನ್ 27

ಪೇಟೆಯಿಂದ ತಂತಿ ಬಂತು, ಜೊತೆಗೆ ತುದಿಗೆ ಹಾಕುವ ಪ್ಲಗ್ಗುಗಳು, ಅವನ್ನು ಒತ್ತುವ ಇಕ್ಕಳ, ಎಳೆಗಳು ಸರಿಯಾಗಿ ಕೂಡಿವೆಯೇ ಎಂದು ದೀಪ ಹೊತ್ತಿಸಿ ತೋರಿಸುವ ಒಂದು ಪರೀಕ್ಷಾ ಡಬ್ಬಿ. ತಂತಿ ಕೈಯಲ್ಲಿ ಹಿಡಿದಾಗಲೇ ಹಗುರ ಅನ್ನಿಸಿತು. ಒಂದು ಎಳೆ ಬಿಡಿಸಿ ಬ್ಲೇಡಿನಿಂದ ಕೆರೆದೆ. ಮೇಲೆ ತಾಮ್ರದ ಬಣ್ಣ, ಒಳಗೆ ಬೆಳ್ಳಗೆ. ಅಲ್ಯೂಮಿನಿಯಂ. ಬಗ್ಗಿಸಿದರೆ ಮುರಿಯುತ್ತದೆ, ದೂರಕ್ಕೆ ಸೋಲುತ್ತದೆ. ತಂತಿಯ ಡಬ್ಬಿಯ ಮೇಲೆ ಮಾತ್ರ ಅಪ್ಪಟ ತಾಮ್ರ ಎಂದಿದೆ.

ವಾಪಸು ಕೊಡಲು ನಾನು ಹೋಗುವಂತಿಲ್ಲ. ಹಲ್ಲು ಕಚ್ಚಿಕೊಂಡು ಮಲಗಿದ್ದೆ. ಓಂಕಾರನ ತಾಯಿ ಡಬ್ಬಿ ಎತ್ತಿಕೊಂಡು ಹೊರಟರು. ಬಂದ ಮೇಲೆ ಹೊಸ್ತಿಲಲ್ಲಿ ನಿಂತು ಹೇಳಿದ್ದನ್ನು ಹಾಗೇ ಬರೆಯುತ್ತೇನೆ.

"ಅವ ಅಂದ, ಕಾಕೂ, ನಿಮಗ ತಾಮ್ರ-ಗಿಮ್ರ ಏನ್ ತಿಳೀತದ. ನಾ ಅಂದೆ, ತಮ್ಮಾ, ನಿಮ್ಮವ್ವಗ ತಾಮ್ರದ ಹಂಡೆ ಬದ್ಲಿ ಅಲ್ಯೂಮಿನಿಯಂದು ಕೊಟ್ಟಿದ್ರ ಆಕಿ ಎಷ್ಟು ದೂರದಿಂದ ಕಂಡುಹಿಡೀತಿದ್ಲು? ಅಂಗಡ್ಯಾಗ ಇದ್ದೋರೆಲ್ಲಾ ನಕ್ರು. ಕಿಸೆದಾಗಿಂದ ಬ್ಲೇಡ್ ತಗದು ಅಲ್ಲೇ ಕೆರದು ತೋರಿಸಿದೆ. ಬಾಯಿ ಮುಚ್ಚಿಕೊಂಡು ಬ್ಯಾರೇದು ಕೊಟ್ಟ."

"ಸೀರೆಗೆ ಕಿಸೆ ಎಲ್ಲಿತ್ತು ಆಯಿ?"

"ಅದನ್ನ ಕೇಳಬ್ಯಾಡ."

ಹೊಸ ತಂತಿ ಭಾರವಿದೆ. ಒಳಗೂ ಕೆಂಪಗೆ ಇದೆ.

ಜುಲೈ 1

ಸೋತೆವು.

ತೂತು ಸಣ್ಣದು, ಪ್ಲಗ್ಗು ಹಾಕಿದ ತಂತಿ ಹಾಯುವುದಿಲ್ಲ. ಅದಕ್ಕೇ ಬರೀ ತಂತಿಯನ್ನು ಹಾಯಿಸಿ, ಮೇಲಿನ ತುದಿಗೆ ಮಲಗಿದಲ್ಲೇ ನಾನು ಪ್ಲಗ್ಗು ಹಾಕಿದೆ. ಕೆಳಗಿನ ತುದಿ ಅವರ ಪಾಲಿಗೆ. ಎಂಟು ಎಳೆ, ಎರಡೆರಡು ಹೆಣೆದುಕೊಂಡಿರುತ್ತವೆ. ಬಿಡಿಸಿ, ನೇರ ಮಾಡಿ, ಸಾಲಾಗಿ ಹಿಡಿದು ಪ್ಲಗ್ಗಿನೊಳಗೆ ತೂರಿಸಿ ಇಕ್ಕಳದಿಂದ ಒತ್ತಬೇಕು. ನಾನು ಮೇಲಿನಿಂದ ಕೂಗುವುದು, ಅವರು ಕೆಳಗಿನಿಂದ ತಿರುಗಿ ಕೂಗುವುದು.

"ಬಿಳಿ-ಕೇಸರಿ, ಕೇಸರಿ, ಬಿಳಿ-ಹಸಿರು, ನೀಲಿ..."

"ಒದರಬ್ಯಾಡ! ಹಿಡದೀನಿ!"

ಪರೀಕ್ಷೆ ಮಾಡಿದರೆ ಮೂರನೆಯ ದೀಪದ ಸರದಿಗೆ ಐದನೆಯದು ಹೊತ್ತಿತು, ನಾಲ್ಕರ ಸರದಿಗೆ ಆರು. ಕತ್ತರಿಸಿ ಮತ್ತೆ ಹಾಕಿಸಿದೆ. ಅದೇ. ಮತ್ತೆ. ಅದೇ. ಕೊನೆಗೆ ನಾನು ಕಿರುಚಿದೆ, "ಇಷ್ಟು ಸರಳ ಕೆಲಸ, ಒಂದು ಸಲ ಕೇಳಿಸಿಕೊಂಡು ಮಾಡೋಕ್ಕಾಗಲ್ವಾ?" ಎಂದು. ಮಧ್ಯಾಹ್ನದ ಊಟದ ತಟ್ಟೆಯನ್ನು ಕುಕ್ಕಲಿಲ್ಲ, ಮೆಲ್ಲಗೆ ಇಟ್ಟರು. ಅದು ಇನ್ನೂ ಕೆಟ್ಟದಾಗಿತ್ತು.

ಜುಲೈ 2

ಮಲಗಿ ಯೋಚಿಸಿದೆ. ಗಡಿಬಿಡಿಯಲ್ಲಿ ಮಾಡಿದ ತಪ್ಪು ಒಂದೊಂದು ಸಲ ಒಂದೊಂದು ಜಾಗದಲ್ಲಿ ಬರುತ್ತದೆ. ಇದು ಮೂರು ಸಲವೂ ಒಂದೇ ಜಾಗದಲ್ಲಿ. ಸ್ಕ್ಯಾನಿನಲ್ಲಿ ಹೀಗೆ ಕಂಡರೆ ಅದಕ್ಕೆ ಕಾರಣ ಹುಡುಕುತ್ತೇನೆ, ಬೈಯುವುದಿಲ್ಲ.

ಉಪ್ಪಿಟ್ಟು ತಂದಾಗ ನನ್ನ ಹೊದಿಕೆ ಎತ್ತಿ ಹಿಡಿದು ಕೇಳಿದೆ: "ಆಯಿ, ಇದು ಯಾವ ಬಣ್ಣ?"

"ಹಸರು. ಯಾಕ?"

ಹೊದಿಕೆ ನೀಲಿ.

ಹತ್ತಿರ ಬನ್ನಿ ಎಂದೆ. ಬರಲಿಲ್ಲ. ಮತ್ತೆ ಕರೆದೆ. ಬಂದು ಮಂಚದ ಅಂಚಿನಲ್ಲಿ ಕೂತರು, ಮೊದಲ ಸಲ. ಫೋನಿನ ಬೆಳಕನ್ನು ಕಣ್ಣಿಗೆ ಹಿಡಿದೆ. ಎರಡೂ ಪಾಪೆಗಳಲ್ಲಿ ಮಾಸಲು ಬಿಳುಪು. ಪೊರೆ ದಟ್ಟವಾಗಿ ಬಲಿತಿದೆ. ಈ ಕಣ್ಣಲ್ಲಿ ಅವರು ದಿನಕ್ಕೆಷ್ಟು ಸಲ ಬಿಸಿ ಸಾರು ಹಿಡಿದು ಈ ಕತ್ತಲ ಮೆಟ್ಟಿಲು ಹತ್ತುತ್ತಿದ್ದರು? ತಟ್ಟೆ ಕುಕ್ಕುತ್ತಿದ್ದದ್ದು ಸ್ಟೂಲು ಎಲ್ಲಿದೆಯೆಂದು ಸರಿಯಾಗಿ ಕಾಣದೆ. ಡಾಕ್ಟರಂತೆ ನಾನು.

"ನಂಗ ಗೊತ್ತೈತಿ, ಬಿಡು. ಎರಡು ವರ್ಷಾತು."

"ಯಾಕೆ ಹೇಳಲಿಲ್ಲ?"

"ಯಾರಿಗೆ ಹೇಳ್ಲಿ? ಹಡಗಿಗೇನ?" ಎಂದರು. ಆಮೇಲೆ ದನಿ ತಗ್ಗಿಸಿ, "ಓಂಕಾರಗ ತಿಳಿಸಬ್ಯಾಡ. ಈಗ ಆಪರೇಶನ್ ಅಂತ ನಾ ಮಲಗಿದ್ರ ನಿಂಗ ಊಟಾ ಯಾರು ತರೋರು? ಹಡದ ಮ್ಯಾಲ ನೋಡೂಣು. ಆಣಿ ಮಾಡು."

ಮಾತು ಕೊಟ್ಟೆ. ಅವರು ಕೆಳಗೆ ಹೋಗಿ ಇಕ್ಕಳ ಹುಡುಕತೊಡಗಿದ ಸದ್ದು ಕೇಳಿಸಿತು. "ಮತ್ತೊಮ್ಮೆ ಮಾಡಿ ನೋಡ್ತೀನಿ, ಹೇಳು!" ಎಂದು ಕೂಗಿದರು.

"ಬೇಡ ಆಯಿ. ನಿಮ್ಮದು ಇದ್ದ ಹಾಗೇ ಇರಲಿ."

ನನ್ನ ತುದಿಯ ಪ್ಲಗ್ಗು ಕತ್ತರಿಸಿ ಹಾಕಿದೆ. ಅವರು ಇಟ್ಟ ಕ್ರಮದಲ್ಲೇ ನನ್ನ ಎಳೆಗಳನ್ನೂ ಜೋಡಿಸಿದೆ, ನೀಲಿ ಇರಬೇಕಾದ ಜಾಗಕ್ಕೆ ನಾನೂ ಹಸಿರು, ಹಸಿರು ಇರಬೇಕಾದ ಜಾಗಕ್ಕೆ ನೀಲಿ. ತಂತಿಗೆ ಬಣ್ಣ ಗೊತ್ತಿಲ್ಲ. ಜೋಡಿ ತಪ್ಪದೆ ಎರಡೂ ತುದಿ ಒಂದೇ ಥರ ಇದ್ದರೆ ಆಯಿತು. ಇಷ್ಟು ಹೊಳೆಯಲು ನಿನ್ನೆಯಿಡೀ ಬೇಕಾಯಿತು.

ದೀಪಗಳು ಒಂದರಿಂದ ಎಂಟರವರೆಗೆ ಸಾಲಾಗಿ ಹೊತ್ತಿದವು.

ಜುಲೈ 6

ಪರೀಕ್ಷೆ ಆಯಿತು. ಮುನ್ನೂರು ಚಿತ್ರಗಳ ಸ್ಕ್ಯಾನು ಕಣ್ಣು ಮಿಟುಕಿಸುವಷ್ಟರಲ್ಲಿ ಇಳಿಯಿತು. ಕೆಲಸ ಉಳಿಯಿತು. ಆಯಿ ಕಂದಿ ಪೇಡೆ ತರಿಸಿದರು. ಅರ್ಧ ದೇವರಿಗೆ, ಅರ್ಧ ರೌಟರಿಗೆ ಎಂದು ನಾನಂದೆ. ಅವರು ನಗಲಿಲ್ಲ, ನಿಜವಾಗಿಯೂ ಒಂದನ್ನು ಅದರ ಮೇಲಿಟ್ಟರಂತೆ.

ಜುಲೈ 25

ಬರೆಯುವುದಕ್ಕೆ ಏನಿದೆ? ಎಡಮಗ್ಗುಲು, ಬಲಮಗ್ಗುಲು. ಬೆಳಿಗ್ಗೆ ಯಾರದೋ ಪುಪ್ಪುಸ, ಮಧ್ಯಾಹ್ನ ಯಾರದೋ ಬೆನ್ನುಮೂಳೆ. ಎಲ್ಲರ ಒಳಗೂ ಹೊಕ್ಕು ಬರುತ್ತೇನೆ, ಈ ಬಾಗಿಲು ದಾಟಲಾರೆ. ಎದುರುಮನೆಯ ಹೆಂಗಸು ಬಟ್ಟೆ ಒಣಹಾಕಲು ಮಾಳಿಗೆಗೆ ಓಡಿಕೊಂಡು ಹತ್ತುತ್ತಾಳೆ. ಇವತ್ತು ಅದನ್ನು ನೋಡಿ ಅಳು ಬಂತು. ಬಟ್ಟೆ ಒಣಹಾಕುವುದಕ್ಕೆ ಅಳುವವರುಂಟೇ.

ಮಗು ಒದೆಯುತ್ತದೆ. ಅದಕ್ಕೂ ಜಾಗ ಸಾಲದು.

ಆಗಸ್ಟ್ 9

ಮಧ್ಯಾಹ್ನ ಹೊಟ್ಟೆ ಕಲ್ಲಿನಂತೆ ಬಿಗಿಯಿತು. ಬಿಟ್ಟಿತು. ಮತ್ತೆ ಬಿಗಿಯಿತು. ಹೋದ ವರ್ಷವೂ ಹೀಗೇ ಶುರುವಾಗಿತ್ತು. ಆಯೀ ಎಂದು ಕೂಗಿದ್ದಷ್ಟೇ ನೆನಪು. ಅವರು ಹೇಗೆ ಹತ್ತಿ ಬಂದರೋ, ಗುಜರ್ ಮೇಡಂಗೆ ಯಾವಾಗ ಫೋನು ಮಾಡಿದರೋ. ಮೇಡಂ ಮನೆಗೇ ಬಂದು ಇಂಜೆಕ್ಷನ್ ಕೊಟ್ಟರು. ಇದು ನಿಂತರೆ ಸರಿ, ನಿಲ್ಲದಿದ್ದರೆ ಆಸ್ಪತ್ರೆ, ಆದರೆ ಇಷ್ಟು ಬೇಗ ಹುಟ್ಟಿದರೆ ಏನೂ ಹೇಳಲಾರೆ ಎಂದರು.

ಆಯಿ ದೀಪ ಹಚ್ಚುವ ಹೊತ್ತಾದರೂ ಕೆಳಗೆ ಇಳಿಯಲಿಲ್ಲ. ನನ್ನ ಕಾಲು ತಮ್ಮ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ನನ್ನ ಭಯ ಮರೆಸಲೋ ಏನೋ, ಮಾತಾಡತೊಡಗಿದರು.

"ಅವ್ರಿಗೆ ಬಾಗಲಾ ಹಾಕಿದ್ರ ಸಿಟ್ಟು ಬರ್ತಿತ್ತು. ಅದಕ್ಕ ತೆರದ ಇಡ್ತಿದ್ದೆ. ಅಡಗೀ ಮನ್ಯಾಗಿದ್ರೂ ಕಿವಿ ಇಲ್ಲೇ. ಒಂಬತ್ತು ವರ್ಷ ನಾ ತವರುಮನಿ ಕೊಲ್ಹಾಪುರದ ಮುಖ ನೋಡ್ಲಿಲ್ಲ, ನಮ್ಮಕ್ಕನ ಮಗಳ ಲಗ್ನಕ್ಕೂ ಹೋಗ್ಲಿಲ್ಲ. ಮಲಗಿದ್ದೋರು ಅವ್ರು. ಕಟ್ಟಿಹಾಕಿದ್ದು ನನ್ನ."

"ಮತ್ತೆ ನನ್ನನ್ನೂ ಯಾಕೆ ಇದೇ ಕೋಣೆಗೆ ಹಾಕಿದ್ರಿ?"

"ಬಚ್ಚಲಾ ಹತ್ರ ಇರೂದು ಇದೊಂದಕ್ಕ. ನನ್ನ ಸಂಕಟಾ ನೋಡ್ಕೊಂತ ಕುಂತ್ರ ನಿನ್ನ ಕೂಸು ಉಳೀತೈತೇನು?"

ಬಿಗಿತ ನಿಂತಿದೆ.

ಸೆಪ್ಟೆಂಬರ್ 26

ಹೊಲಿಗೆ ಬಿಚ್ಚಿದರು. ಇನ್ನು ಯಾವಾಗ ಹುಟ್ಟಿದರೂ ಚಿಂತೆಯಿಲ್ಲ, ಓಡಾಡು ಎಂದರು ಮೇಡಂ. ಮನೆಗೆ ಬಂದು ಅಭ್ಯಾಸದ ಮೇಲೆ ನೇರ ಮಂಚಕ್ಕೆ ಹೋದೆ. ಎದ್ದು ನಿಲ್ಲುವುದೆಂದರೆ ಭಯ. ಏನಾದರೂ ಆದರೆ?

"ಏಳು. ಏಳಬ್ಯಾಡಂದಾಗ ಕುಣೀತಿದ್ದಿ, ಈಗೇನು?" ಆಯಿ ಕೈ ಕೊಟ್ಟರು. ಇಬ್ಬರೂ ಮೆಟ್ಟಿಲಿಳಿದೆವು. ಅವರಿಗೆ ಮೆಟ್ಟಿಲು ಕಾಣದು, ನನಗೆ ಕಾಲು ನಿಲ್ಲದು. ಯಾರು ಯಾರನ್ನು ಹಿಡಿದುಕೊಂಡಿದ್ದೆವೋ. ಅಂಗಳದಲ್ಲಿ ಕಲ್ಲಿನ ಮೇಲೆ ಕೂತು ಬಿಸಿಲು ಕಾಯಿಸಿಕೊಂಡೆ. ಬಿಸಿಲು ಇಷ್ಟು ಭಾರವಿರುತ್ತದೆಂದು ಮರೆತೇಹೋಗಿತ್ತು.

ಅಕ್ಟೋಬರ್ 8

ಹೆಣ್ಣು. ಗಟ್ಟಿಯಾಗಿ ಅತ್ತಳು. ನಿದ್ದೆ ಬರುತ್ತಿದೆ.

ನವೆಂಬರ್ 19

ಓಂಕಾರ ಬಂದು ಹದಿನೈದು ದಿನವಾಯಿತು, ನಾಡಿದ್ದು ಮತ್ತೆ ಹೊರಡುತ್ತಾನೆ. ಪುಣೆಯಲ್ಲಿ ನೆಲಮಹಡಿಯ ಮನೆ ಸಿಕ್ಕಿದೆಯಂತೆ. "ನೀನೇ ಕೇಳಿದ್ದಿ, ಅದಕ್ಕ ಅಲೆದು ಅಲೆದು ಹುಡುಕಿಸೀನಿ. ನಾ ಹೊರಡೂದ್ರೊಳಗ ಹೋಗೂಣೇನು?" ಎಂದು ಕೇಳಿದ.

"ಆಯೀ ಕಣ್ಣಿಂದು ಆಗಲಿ, ಆಮೇಲೆ ನೋಡೋಣ."

"ಕಣ್ಣಿಗೇನಾಗೇತಿ?"

ಮಾತು ಬಾಯಿ ಜಾರಿತ್ತು. ಜಾರಿದ ಮೇಲೆ ಪೂರ್ತಿ ಹೇಳಿದೆ. ಅವನು ತಾಯಿಯ ಮುಂದೆ ಕೂತು ಅತ್ತ. ಆಯಿಗೆ ಅವನ ಅಳು ಬೇಕಿರಲಿಲ್ಲ, ಸಿಟ್ಟೆಲ್ಲ ನನ್ನ ಮೇಲೆ ತಿರುಗಿತು. "ಆಣಿ ಮಾಡಿದ್ದಿ. ಡಾಕ್ಟರಂತ, ಬಾಯಾಗ ಎಳ್ಳು ಕಾಳು ನಿಂದರೂದಿಲ್ಲ." ಬಾಣಂತಿಗೆಂದು ಅಳವಿ ಬೀಜದ ಲಾಡು ಕಟ್ಟಿ ತಂದಿಟ್ಟರು. ಮಗುವಿಗೆ ಎಣ್ಣೆ ನೀವುವಾಗ ಮಗುವಿನ ಹತ್ತಿರವೇ ನನ್ನ ಮೇಲೆ ದೂರು: "ನಿಮ್ಮವ್ವನ್ನ ನಂಬಬ್ಯಾಡ ರೇವಾ."

ನವೆಂಬರ್ 22

ಓಂಕಾರ ಹೋದ. ಆಯಿ ಈ ಬೆಳಿಗ್ಗೆ ಹೊರಜಗುಲಿಯಲ್ಲಿ ನಿಂತು, ಬೀದಿ ನೋಡುತ್ತ, ಯಾರಿಗೋ ಹೇಳುವಂತೆ ಹೇಳಿದರು: "ಯಾವತ್ತು ಹೋಗೂದು ಕೇಳಿ ಇಟಗೋ ಆಸ್ಪತ್ರ್ಯಾಗ. ಆದ್ರ ನೀ ಬರಬೇಕು ಜೋಡಿ. ಇಲ್ಲಂದ್ರ ನಾ ಒಲ್ಲೆ."

ಡಿಸೆಂಬರ್ 11

ಕಣ್ಣಾಸ್ಪತ್ರೆಯ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಪೇಟೆಯಲ್ಲಿ ಅಂಗಡಿಯವನನ್ನು ನಗೆಪಾಟಲು ಮಾಡಿ ಬಂದ ಹೆಂಗಸು ಇವತ್ತು ರಿಕ್ಷಾದಲ್ಲಿ ದಾರಿಯುದ್ದಕ್ಕೂ ನನ್ನ ಸೆರಗು ಬಿಡಲಿಲ್ಲ. ಹಸಿರು ಟೊಪ್ಪಿಗೆ ಹಾಕಿಸಿದಾಗ ಸಣ್ಣ ಹುಡುಗಿಯ ಹಾಗೆ ಕಂಡರು. ಬಳೆ ಕಳಚಿ ನನ್ನ ಕೈಗಿತ್ತರು.

"ಹೊರಗ ಬಂದಾಗ ಕಣ್ಣು ಕಟ್ಟಿರ್ತಾರಂತ. ನೀ ಎಲ್ಲಿರ್ತೀ?"

"ಇಲ್ಲೇ. ಇದೇ ಬೆಂಚಿನ ಮೇಲೆ."

"ಕೂಸಿಗೆ ಹಸಿವಾದ್ರ?"

"ಇಲ್ಲೇ ಕುಡಿಸ್ತೀನಿ."

"ನಡಕ ಪುಣೆಯವ್ರ ಫೋನ್ ಬಂದ್ರ?"

"ಎತ್ತೂದಿಲ್ಲ. ಒಳಗ ಹೋಗ್ರಿ ಆಯಿ."

ನರ್ಸು ಬಂದು ಜೊತೆಗೆ ಯಾರಿದ್ದೀರಿ ಎಂದು ಕೇಳಿದಳು, ನಾನೇ ಸಹಿ ಮಾಡಿದೆ. ಆಯಿ ಬಾಗಿಲ ತನಕ ಹೋಗಿ, ತಿರುಗಿ ಬಂದು, ತಡವರಿಸಿ ರೇವಾಳ ಕುಲಾವಿ ಸರಿಮಾಡಿ, ಮತ್ತೆ ಹೋದರು.

ಆಗಲೇ ಬಹಳ ಹೊತ್ತಾಯಿತು. ಎರಡು ಸಲ ಫೋನು ಬಡಿದುಕೊಂಡು ಸುಮ್ಮನಾಯಿತು. ರೇವಾ ಹಾಲು ಕುಡಿದು ಮಡಿಲಲ್ಲಿ ಮಲಗಿದ್ದಾಳೆ. ಕಾಲು ಜೋಮು ಹಿಡಿದಿದೆ, ಪಕ್ಕದವರು ಸ್ವಲ್ಪ ಹೊತ್ತು ಮಗುವನ್ನು ಹಿಡಿದುಕೊಳ್ಳಲೇ, ಹೊರಗೆ ಅಡ್ಡಾಡಿ ಬರುತ್ತೀರಾ ಎಂದು ಕೇಳಿದರು. ಬೇಡವೆಂದೆ. ಆ ಬಾಗಿಲು ಇನ್ನೂ ತೆರೆದಿಲ್ಲ. ಅಲುಗಾಡದೆ ಕೂತಿದ್ದೇನೆ.